ನರ್ಸಮ್ಮನ ತಟ್ಟೆ

ನರ್ಸಮ್ಮ ಈಗಲೂ ನನ್ನ ಕನಸಿಗೆ ಬರುತ್ತಾರೆ. ಬರುವುದು ಯಾವಾಗಲೂ ಒಂದೇ ರೀತಿ. ಕಾಲುವೆ ಏರಿಯ ಮೇಲೆ ಇಳಿಬಿಸಿಲು, ಎರಡೂ ಕಡೆ ಸೂಲಂಗಿ ಬಿಟ್ಟ ಕಬ್ಬು, ನಡುವೆ ಒಂದು ಕಪ್ಪು ಕೊಡೆ ತೂಗಾಡುತ್ತ ಬರುತ್ತದೆ. ಕೊಡೆಯ ಕೆಳಗೆ ಬಿಳಿ ಸೀರೆ, ಕೈಯಲ್ಲಿ ಹೆಣೆದ ಬಟ್ಟೆ ಮುಚ್ಚಿದ ಸ್ಟೀಲ್ ತಟ್ಟೆ. ಎಷ್ಟು ನಡೆದರೂ ಅವರು ನಮ್ಮ ಮನೆ ಮುಟ್ಟುವುದಿಲ್ಲ. ನಾನು ಜಗಲಿಯ ಕಂಬ ಹಿಡಿದು ನಿಂತಿರುತ್ತೇನೆ, ಕೂಗಬೇಕು ಅಂದುಕೊಳ್ಳುತ್ತೇನೆ, ಅಷ್ಟರಲ್ಲಿ ಎಚ್ಚರವಾಗಿಬಿಡುತ್ತದೆ. ಕನಸಿನಲ್ಲೂ ನಾನು ಬಾಯಿ ಬಿಡುವುದಿಲ್ಲ. ಅದು ನನ್ನ ಹಳೆಯ ಚಾಳಿ.

ಅವರಿಗೊಂದು ಹೆಸರಿತ್ತು, ಊರಿಗೆ ಅದು ಬೇಕಾಗಿರಲಿಲ್ಲ. ಶೀಳನೆರೆ ಹೋಬಳಿಯ ನಮ್ಮೂರಿನಲ್ಲಿ ಹಾಲಿನ ಡೇರಿಯ ಪಕ್ಕ ಎರಡು ಕೋಣೆಯ ಆರೋಗ್ಯ ಉಪಕೇಂದ್ರವಿತ್ತು. ಮುಂದಿನ ಕೋಣೆಯಲ್ಲಿ ಆಸ್ಪತ್ರೆ, ಹಿಂದಿನ ಕೋಣೆಯಲ್ಲಿ ನರ್ಸಮ್ಮ. ಮದುವೆಯಾಗಿರಲಿಲ್ಲ. ಹಿಂದಿನ ಕೋಣೆಯ ಗೋಡೆಯಲ್ಲಿ ಏಸುಸ್ವಾಮಿಯ ಕ್ಯಾಲೆಂಡರು, ಅದರ ಕೆಳಗೆ ಸೀಮೆಎಣ್ಣೆ ಸ್ಟೌ, ಸ್ಟೌ ಮೇಲೆ ಒಂದು ಪಾತ್ರೆಯಲ್ಲಿ ಅನ್ನವೋ ಸೂಜಿಗಳೋ ಕುದಿಯುತ್ತಿರುತ್ತಿದ್ದವು. ಸುತ್ತ ನಾಲ್ಕೂರಿಗೆ ಅವರೊಬ್ಬರೇ ಕ್ರೈಸ್ತರು. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಹುಟ್ಟಿದವರು. ಅಲ್ಲಿ ಕಣ್ಣು ಕಾಣದ ಅಕ್ಕ ಒಬ್ಬರಿದ್ದರು. ತಂದೆ ತಾಯಿ ಹೋದ ಮೇಲೆ ಇವರನ್ನು ಸಾಕಿ ಓದಿಸಿದವರು ಆ ಅಕ್ಕನೇ. ಬಡ್ತಿ ಸಿಕ್ಕರೆ ಶ್ರೀರಂಗಪಟ್ಟಣಕ್ಕೇ ಹೋಗಿ ಅಕ್ಕನ ಜೊತೆ ಇರುತ್ತೇನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರಿಗೆ ಇದ್ದ ಆಸೆ ಅದೊಂದೇ, ಅದೇನೂ ಗುಟ್ಟಾಗಿರಲಿಲ್ಲ.

ಊರಿನ ಮಕ್ಕಳಿಗೆ ಅವರನ್ನು ಕಂಡರೆ ಭಯವೂ ಹೌದು, ಸಲಿಗೆಯೂ ಹೌದು. ಸೂಜಿ ಚುಚ್ಚುವ ಮುಂಚೆ ‘ನೋಯಲ್ಲ ಕಂದ’ ಎಂದು ಸುಳ್ಳು ಹೇಳುವ ಜಾತಿ ಅವರದಲ್ಲ. "ನೋಯ್ತದೆ, ಸ್ವಲ್ಪ ತಡ್ಕೊ" ಎನ್ನುತ್ತಿದ್ದರು. ಚುಚ್ಚಿ, ಹತ್ತಿ ಒತ್ತಿ, "ಮುಗೀತು, ಈಗ ಅಳು" ಎನ್ನುತ್ತಿದ್ದರು. ಅಪ್ಪಣೆ ಸಿಕ್ಕ ಮೇಲೆ ಅಳು ಬರುತ್ತದೆಯೇ? ಅರ್ಧ ಮಕ್ಕಳು ಅಲ್ಲೇ ನಕ್ಕುಬಿಡುತ್ತಿದ್ದವು.

ಅಡುಗೆ ಮಾತ್ರ ಅವರ ಕೈಗೆ ಒಲಿದಿರಲಿಲ್ಲ. ಕ್ರಿಸ್‌ಮಸ್ ದಿನ ಕಜ್ಜಾಯ ಮಾಡಿ, ತಟ್ಟೆಗೆ ಹಾಕಿ, ತಾವೇ ಹೆಣೆದ ಬಟ್ಟೆ ಮುಚ್ಚಿಕೊಂಡು ಮನೆಮನೆಗೆ ಕೊಟ್ಟು ಬರುತ್ತಿದ್ದರು. ಆ ಕಜ್ಜಾಯ ಕಚ್ಚಲು ನಮ್ಮಪ್ಪ ಎರಡು ದಿನ ತೆಗೆದುಕೊಂಡಿದ್ದುಂಟು. "ನಾಯಿಗಾಕ್ದೆ ಕಣಮ್ಮಿ, ಅದು ಮೂಸ್ನೋಡಿ ನನ್ ಮಕಾನೇ ನೋಡ್ತು" ಎಂದು ಅವ್ವ ನಗುತ್ತಿದ್ದಳು. ನಕ್ಕರೂ ತಟ್ಟೆ ವಾಪಸು ಕಳಿಸುವಾಗ ಅದರಲ್ಲಿ ಒಂದು ಅಚ್ಚು ಬೆಲ್ಲವೋ ಒಂದು ಹಿಡಿ ಅವರೆಕಾಯೋ ಇಟ್ಟೇ ಕಳಿಸುತ್ತಿದ್ದಳು. ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕುತ್ತಾರೆ. ಬರಿ ಪಾತ್ರೆ ಬಂತೆಂದರೆ ಕೊಟ್ಟುಕೊಳ್ಳುವುದು ಅಲ್ಲಿಗೆ ಮುಗಿಯಿತು ಎಂದೇ ಅರ್ಥ.

ಇಷ್ಟೆಲ್ಲ ನಗೆಚಾಟಿಕೆಯ ಸಂಬಂಧ ಒಂದು ಮಂಗಳವಾರ ಮುರಿಯಿತು.

ನಾನಾಗ ಕೆ.ಆರ್.ಪೇಟೆಯಲ್ಲಿ ಎರಡನೇ ವರ್ಷದ ಪಿಯುಸಿ. ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬೆಳಿಗ್ಗೆ ನರ್ಸಮ್ಮ ಬಂದು ನೋಡಿ, ಕಾಲು ಊದಿದೆ, ಉಪ್ಪು ಕೊಡಬೇಡಿ, ಸಂಜೆ ಮತ್ತೆ ಬರುತ್ತೇನೆ ಎಂದು ಹೋದರು. ಊಟದ ಹೊತ್ತಿಗೆ ಅಕ್ಕ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ ಎಂದಳು. ನಾನು ಓಡಿಹೋಗಿ ನರ್ಸಮ್ಮನನ್ನು ಕರೆತಂದೆ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದವರು ಮತ್ತೊಮ್ಮೆ ನೋಡಿದರು. ಒಂದು ಸೂಜಿ ಹಾಕಿದರು. ತಮ್ಮ ಪುಸ್ತಕ ತೆಗೆದು, ಕೆಳಗೆ ಕಾರ್ಬನ್ ಹಾಳೆ ಇಟ್ಟು ಚೀಟಿ ಬರೆದು, ಮೇಲಿನದನ್ನು ಹರಿದು ನನ್ನ ಕೈಗೆ ಕೊಟ್ಟರು. ಮೈಸೂರಿನ ದೊಡ್ಡಾಸ್ಪತ್ರೆಗೆ ತಕ್ಷಣ ಸೇರಿಸಬೇಕು ಎಂದಿತ್ತು. ಮೂಲೆಯಲ್ಲಿ ಹೊತ್ತು ಬರೆದಿದ್ದರು, ಮೂರು ಗಂಟೆ ಐದು ನಿಮಿಷ.

ಅಪ್ಪ ಬಾಡಿಗೆ ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು.

"ಮಂಗ್ಳಾರ ಕನಾ ಇವತ್ತು. ಮೂರರಿಂದ ನಾಕೂವರೆ ಗಂಟ ರಾವುಕಾಲ. ಚೊಚ್ಚಲ ಬಸುರಿಯ ಅಂತಾ ವೊತ್ನಲ್ಲಿ ವೊಸ್ಲು ದಾಟ್ಸಾಕಿಲ್ಲ."

"ಅವ್ವಾ, ನಿಮ್ ಕಾಲು ಹಿಡ್ಕೋತೀನಿ. ಫಿಟ್ಸ್ ಬಂದ್ರೆ ಕಷ್ಟ. ಈಗ್ಲೇ ಹೊರಡಿ" ಎಂದರು ನರ್ಸಮ್ಮ.

"ನಿಮ್ ಜನಕ್ಕೆ ಅದೆಲ್ಲ ಇಲ್ಲ, ನಮ್ಗೈತೆ. ಒಂದೂವರೆ ಗಂಟೆ ತಾನೆ, ಅದ್ರಾಗೇನ್ ಮುಳ್ಗೋಯ್ತದೆ?"

ನರ್ಸಮ್ಮ ಅಪ್ಪನ ಮುಖ ನೋಡಿದರು. ಅಪ್ಪ ಅವ್ವನ ಮುಖ ನೋಡಿದರು. ಯಾರೂ ಕದಲಲಿಲ್ಲ. ನನ್ನ ಅವ್ವ ಕೆಟ್ಟವಳಲ್ಲ. ಮಗಳಿಗೆ ಒಳ್ಳೆಯದಾಗಲಿ ಎಂದೇ ತಡೆದಳು. ಇದನ್ನು ಓದುವವರು ಅದನ್ನು ಮರೆಯಬಾರದು, ನಾನೂ ಮರೆಯಬಾರದು.

ಆ ಒಂದೂವರೆ ಗಂಟೆ ನನ್ನೊಳಗೆ ಇನ್ನೂ ಮುಗಿದಿಲ್ಲ. ಹೊಂಗೆಮರದ ಕೆಳಗೆ ಬಿಳಿ ಕಾರು ನಾಲ್ಕೂ ಬಾಗಿಲು ತೆರೆದುಕೊಂಡು ನಿಂತಿದೆ. ಸೀಟಿನ ಮೇಲೆ ಹೊಂಗೆಹೂ ಒಂದೊಂದೇ ಉದುರುತ್ತಿದೆ. ಡ್ರೈವರು ಬೀಡಿ ಸೇದಿ, ಇನ್ನೊಂದು ಹಚ್ಚುತ್ತಾನೆ. ಒಳಗೆ ಗಡಿಯಾರದ ಸದ್ದು. ನರ್ಸಮ್ಮ ನೆಲದ ಮೇಲೆ ಕೂತು ಅಕ್ಕನ ಪಾದ ನೀವುತ್ತ ಏನೋ ಗುನುಗುತ್ತಾರೆ, ರಾಗವೇ ಸರಿಯಿಲ್ಲದ ಹಾಡು. ಅಕ್ಕ ಒಮ್ಮೆ ಕಣ್ಣು ಬಿಟ್ಟು, "ನರ್ಸಮ್ಮಾ, ಕಜ್ಜಾಯ ಮಾಡೋದೇ ವಾಸಿ, ಹಾಡ್ಬ್ಯಾಡಿ" ಎಂದಳು. ಅಕ್ಕ ಸರಿಯಾಗಿ ಆಡಿದ ಕೊನೆಯ ಮಾತು ಅದು. ನಾವೆಲ್ಲ ನಕ್ಕೆವು.

ನಾಲ್ಕೂವರೆಗೆ ಹೊರಟೆವು. ಪಾಂಡವಪುರ ದಾಟಿದ ಮೇಲೆ ನರ್ಸಮ್ಮ ಹೆದರಿದ್ದ ಫಿಟ್ಸ್ ಬಂದೇ ಬಂತು. ಅವರ ತೊಡೆಯ ಮೇಲೆ ಅಕ್ಕನ ತಲೆ, ಅವರ ಬೆರಳು ಅಕ್ಕನ ಹಲ್ಲುಗಳ ನಡುವೆ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಹೊಳೆಯ ಮೇಲೆಲ್ಲ ಸಂಜೆಗೆಂಪು ಹರಡಿತ್ತು, ನೋಡಲು ಬಹಳ ಚೆನ್ನಾಗಿತ್ತು. ಅಂಥ ಹೊತ್ತಿನಲ್ಲಿ ಅದನ್ನು ನೋಡಿದೆನಲ್ಲ ಎಂದು ನನಗೆ ಈಗಲೂ ನಾಚಿಕೆ. ಮೈಸೂರಿನಲ್ಲಿ ಮಗುವನ್ನು ಉಳಿಸಿದರು. ಅಕ್ಕ ಉಳಿಯಲಿಲ್ಲ.

"ಇಷ್ಟು ಹೊತ್ತು ಎಲ್ಲಿದ್ರಿ?" ಎಂದು ಡಾಕ್ಟರು ಕೇಳಿದರು. ಅವ್ವ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ನರ್ಸಮ್ಮನ ಮೇಲೆ ನಿಂತಿತು. "ಇವ್ಳು ಚುಚ್ಚಿದ್ ಸೂಜಿನೇ ಕಣಪ್ಪ. ಅದ್ರಿಂದ್ಲೇ ನನ್ ಮಗ್ಳೋದ್ಳು. ಸಾಯಿಸ್ಬುಟ್ಳು" ಎಂದಳು. ಆ ಮಾತು ಹಿಡಿದವಳು ಬಿಡಲೇ ಇಲ್ಲ. ಅಕ್ಕನನ್ನು ಮಣ್ಣು ಮಾಡಿದಾಗಲೂ ಅವ್ವ ಅಳಲಿಲ್ಲ, ಅದನ್ನೇ ಹೇಳುತ್ತಿದ್ದಳು.

ಭಾವ ಮಗುವನ್ನು ನಮ್ಮಲ್ಲೇ ಬಿಟ್ಟು ಹೋದರು. ಚಿಕ್ಕಪ್ಪ ನರ್ಸಮ್ಮನ ಮೇಲೆ ಆರೋಗ್ಯ ಇಲಾಖೆಗೆ ಅರ್ಜಿ ಬರೆದರು. ತಿಂಗಳ ಮೇಲೆ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಡೇರಿಯ ಜಗಲಿಯಲ್ಲಿ ಕೂತು ವಿಚಾರಣೆ ನಡೆಸಿದರು. ಊರೇ ಸೇರಿತ್ತು. ನರ್ಸಮ್ಮ ಕೊಡೆ ಮಡಿಸಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಅವರ ಚೀಟಿ ಪುಸ್ತಕ ಮೂವತ್ತು ಹೆಜ್ಜೆ ಆಚೆ, ಅವರದೇ ಮೇಜಿನಲ್ಲಿತ್ತು. ಅದರಲ್ಲಿ ಕಾರ್ಬನ್ ಪ್ರತಿ ಇತ್ತು, ಮೂರು ಗಂಟೆ ಐದು ನಿಮಿಷ ಎಂಬ ಬರಹವಿತ್ತು. ಮೇಲಿನ ಚೀಟಿ ಎಲ್ಲಿತ್ತು ಎಂಬುದು ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ಮೈಸೂರಿನ ಗಡಿಬಿಡಿಯಲ್ಲಿ ಯಾರೂ ಕೇಳದೆ ನನ್ನಲ್ಲೇ ಉಳಿದ ಅದು ನನ್ನ ಕೆಮಿಸ್ಟ್ರಿ ಪುಸ್ತಕದೊಳಗೆ, ಪುಸ್ತಕ ನನ್ನ ಎದೆಗೆ ಒತ್ತಿಕೊಂಡಿತ್ತು.

"ಯಾಕಮ್ಮಾ ತಡ ಆಯ್ತು?" ಎಂದರು ಸಾಹೇಬರು.

ನರ್ಸಮ್ಮ ಜನರ ನಡುವೆ ಕೂತಿದ್ದ ಅವ್ವನನ್ನು ನೋಡಿದರು. ಅವ್ವನ ಮಡಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. "ಬೆಳಿಗ್ಗೆನೇ ಕಾಲು ಊದಿದ್ದು ನೋಡಿದ್ದೆ ಸಾರ್. ಆಗ್ಲೇ ಕಳಿಸ್ಬೇಕಾಗಿತ್ತು. ಕಳಿಸ್ಲಿಲ್ಲ" ಎಂದರು. ಅದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಆಡಿದ್ದರಲ್ಲಿ ಸುಳ್ಳೂ ಇರಲಿಲ್ಲ. ಸಾಹೇಬರು ಬರೆದುಕೊಂಡರು. ನಾನು ಪುಸ್ತಕ ತೆರೆಯಲಿಲ್ಲ.

ಅವರ ಬಡ್ತಿ ನಿಂತಿತು. ಶ್ರೀರಂಗಪಟ್ಟಣದ ಜಾಗಕ್ಕೆ ಬೇರೆ ಯಾರೋ ಬಂದರು.

ಸುದ್ದಿ ತಿಳಿದ ದಿನ ಸಂಜೆ ಉಪಕೇಂದ್ರಕ್ಕೆ ಹೋದೆ. ನರ್ಸಮ್ಮ ಸೂಜಿ ಕುದಿಸುತ್ತಿದ್ದರು.

"ನೀವ್ಯಾಕೆ ಯೋಳ್ನಿಲ್ಲ ನರ್ಸಮ್ಮಾ?"

"ನೀನ್ಯಾಕೆ ಹೇಳ್ಲಿಲ್ಲ?"

"ಅವ್ವ..." ಎಂದೆ.

"ಅದಕ್ಕೇ ನಾನೂ ಹೇಳ್ಲಿಲ್ಲ" ಎಂದರು. ಚಿಮಟದಿಂದ ಒಂದೊಂದೇ ಸೂಜಿ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. "ಆ ಮಗೂನ ಎತ್ತಿ ಸಾಕ್ಬೇಕಾದ ಕೈ ಅದು. ಆ ಕೈಗೆ, ನೀನೇ ಮಗಳನ್ನ ಕೊಂದಿದ್ದು ಅಂತ ಊರ್ ಮುಂದೆ ಹೇಳ್ಬಿಟ್ರೆ, ಅದು ಮತ್ತೆ ಮಗೂನ ಎತ್ಕೊಳ್ತದಾ? ನನಗೆ ಒಂದು ಕೆಲ್ಸ ಹೋದ್ರೆ ಇನ್ನೊಂದು. ಆ ಮಗೂಗೆ ಇರೋದೇ ಒಂದು ಮಡಿಲು."

"ಸುಮ್ನಿರಿ ಅಂತ ನಿಮ್ ದೇವ್ರು ಯೋಳವ್ನಾ?"

ನರ್ಸಮ್ಮ ನಕ್ಕರು. "ಸುಮ್ನಿರು ಅಂದಿದ್ರೆ ಸುಲಭ ಆಗ್ತಿತ್ತಲ್ಲ. ಪ್ರೀತಿ ಮಾಡು ಅಂದವ್ನೆ. ಅದೇ ಕಷ್ಟ."

ಎಷ್ಟು ಕಷ್ಟ ಎಂಬುದನ್ನು ನಾನು ಕಣ್ಣಾರೆ ಕಂಡೆ. ನರ್ಸಮ್ಮ ಬೇರೆ ದಾರಿ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ದಿನಾ ನಮ್ಮ ಬೀದಿಯಲ್ಲೇ ಹೋಗುತ್ತಿದ್ದರು. ಕೊಡೆ ಕಂಡ ಕೂಡಲೇ ಅವ್ವ ಸಗಣಿನೀರಿನ ಬಕೆಟ್ಟು ಹಿಡಿದು ಅಂಗಳಕ್ಕಿಳಿಯುತ್ತಿದ್ದಳು. ಹೊತ್ತಿಲ್ಲದ ಹೊತ್ತಿನಲ್ಲಿ ಸಾರಣೆ ಶುರು. ಒಂದು ದಿನ ಎರಚಿದ ನೀರು ಬಿಳಿ ಸೀರೆಯ ಮೊಣಕಾಲವರೆಗೂ ಹಾರಿತು. ನಾನು ಹಿಂದೆಯೇ ಓಡಿದೆ. ಉಪಕೇಂದ್ರದ ಹಿಂದೆ, ಬಾವಿಕಲ್ಲಿನ ಮೇಲೆ ಸೀರೆಯ ಅಂಚನ್ನು ಉಜ್ಜಿ ಉಜ್ಜಿ ತೊಳೆಯುತ್ತ, ನರ್ಸಮ್ಮ ಹಲ್ಲು ಕಚ್ಚಿ ಬೈಯುತ್ತಿದ್ದರು. "ಹಾಳಾಗ್ ಹೋಗ್ಲಿ. ಸಾಯ್ಲಿ ಇವ್ಳು" ಎಂದರು. ತಿರುಗಿ ನನ್ನನ್ನು ಕಂಡು ನಾಲಗೆ ಕಚ್ಚಿಕೊಂಡರು.

"ಕೇಳಿಸ್ಕೊಂಡ್ಯಾ?"

"ಊಂ."

"ದಿನಾ ಬೆಳಿಗ್ಗೆ ಪ್ರಾರ್ಥನೇಲಿ ಮೊದ್ಲು ನಿಮ್ಮವ್ವನ ಹೆಸ್ರೇ ಹೇಳೋದು. ಕೆಲವು ದಿನ ಬಾಯಿಗೆ ಬರ್ತದೆ, ಕೆಲವು ದಿನ ಗಂಟ್ಲಲ್ಲೇ ನಿಲ್ತದೆ. ಇವತ್ತಿಂದೆಲ್ಲ ಹಾಳಾಯ್ತು ನೋಡು, ಮತ್ತೆ ಮೊದ್ಲಿಂದ ಬೇಡ್ಕೋಬೇಕು" ಎಂದು ಸೀರೆ ಹಿಂಡಿದರು. ಅದಕ್ಕೇ ನಾನು ಅವರನ್ನು ದೇವತೆ ಎಂದು ಯಾವತ್ತೂ ಕರೆಯುವುದಿಲ್ಲ. ದೇವತೆಗಳಿಗೆ ಬೈಗುಳ ನುಂಗಿಕೊಳ್ಳುವ ಕಷ್ಟ ಗೊತ್ತಿರಲಾರದು.

ಮಗುವಿಗೆ ಪುಟ್ಟಿ ಎಂದೇ ಹೆಸರಾಯಿತು. ಅವ್ವ ಅದನ್ನು ನೆಲಕ್ಕೆ ಬಿಡದೆ ಸಾಕಿದಳು, ಆದರೆ ಸೂಜಿ ಹಾಕಿಸಲು ಬಿಡಲಿಲ್ಲ. ನಾನು ತೋಟಕ್ಕೆ ಕರೆದೊಯ್ಯುತ್ತೇನೆಂದು ಸುಳ್ಳು ಹೇಳಿ ಅಂಗನವಾಡಿಗೆ ಎತ್ತಿಕೊಂಡು ಹೋಗುತ್ತಿದ್ದೆ. ನರ್ಸಮ್ಮ ಅಲ್ಲಿ ಕಾದಿರುತ್ತಿದ್ದರು. "ಮುಗೀತು, ಈಗ ಅಳು" ಎಂದರೆ ಪುಟ್ಟಿ ನಿಜವಾಗಿ ಅಪ್ಪಣೆ ಪಾಲಿಸಿ ಅಳುತ್ತಿತ್ತು. ಮಾತು ಬಂದ ಮೇಲೆ ಅದೂ ಗೊಂಬೆಗೆ ಕಡ್ಡಿ ಚುಚ್ಚಿ ಹಾಗೆಯೇ ಹೇಳತೊಡಗಿತು. ಅವ್ವನ ಕಿವಿಗೆ ಅದು ಬಿದ್ದೇ ಇರಬೇಕು. ಎಲ್ಲಿ ಕಲಿತೆ ಎಂದು ಅವಳು ಕೇಳಲಿಲ್ಲ.

ಅಕ್ಕ ಹೋದ ವರ್ಷವೂ ಡಿಸೆಂಬರಿನಲ್ಲಿ ತಟ್ಟೆ ಬಂತು. ಜಗಲಿಯ ಮೇಲಿಟ್ಟು ನರ್ಸಮ್ಮ ಹೋದರು. ಅವ್ವ ಕಜ್ಜಾಯವನ್ನು ತಿಪ್ಪೆಗೆ ಸುರಿದು, ತಟ್ಟೆ ತೊಳೆದು, ಬಟ್ಟೆಯನ್ನೂ ಒಗೆದು ಮಡಿಸಿ, "ಬರಿದಾಗೇ ಕೊಟ್ಬುಟ್ಟು ಬಾ" ಎಂದಳು. ನಾನು ಹೋದೆ. ನರ್ಸಮ್ಮ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು ಒಳಗೆ ನೋಡಿದರು. ಅವರು ನಮ್ಮೂರಿನಲ್ಲಿ ಹತ್ತು ವರ್ಷ ಇದ್ದವರು, ಅರ್ಥ ಗೊತ್ತಿತ್ತು. "ಎಷ್ಟು ಚೆನ್ನಾಗಿ ಬೆಳಗವ್ಳೆ ನೋಡು, ಮುಖ ಕಾಣ್ತದೆ" ಎಂದರು.

ಮರುವರ್ಷವೂ ಬಂತು, ತಿಪ್ಪೆಗೆ ಹೋಯಿತು. ಮೂರನೇ ವರ್ಷ ಅವ್ವ ತಟ್ಟೆ ತೆಗೆದುಕೊಂಡು ತಿಪ್ಪೆಯ ತನಕ ಹೋದವಳು ಯಾಕೋ ವಾಪಸು ಬಂದು ಅಡುಗೆಮನೆಯ ನಾಗಂದಿಗೆಯ ಮೇಲಿಟ್ಟಳು. ಇರುವೆ ಮುತ್ತುವ ತನಕ ಅಲ್ಲೇ ಇತ್ತು. ತಟ್ಟೆ ಮಾತ್ರ ಎಂದಿನಂತೆ ಬರಿದಾಗಿಯೇ ಹೋಯಿತು. ನಾಲ್ಕನೇ ವರ್ಷ ಪುಟ್ಟಿ ಒಂದು ಕಜ್ಜಾಯ ಎತ್ತಿಕೊಂಡು ಇಡೀ ದಿನ ಚೀಪುತ್ತ ತಿರುಗಿತು. ಅವ್ವ ಕಂಡೂ ಕಾಣದವಳಂತೆ ಇದ್ದಳು. ಆ ಸಲ ತಟ್ಟೆ ಕೊಟ್ಟು ಬಾ ಎಂದು ನನಗೆ ಹೇಳಲಿಲ್ಲ. ನಾನು ಆಗ ಬಿ.ಇಡಿ. ಓದುವ ಗಡಿಬಿಡಿಯಲ್ಲಿ ಮರೆತೆ. ಹದಿನೈದು ದಿನಕ್ಕೆ ನರ್ಸಮ್ಮನಿಗೆ ನಾಗಮಂಗಲದ ಕಡೆಯ ಒಂದೂರಿಗೆ ವರ್ಗವಾಯಿತು. ಹೋಗುವ ದಿನ ನಮ್ಮ ಬೀದಿಯಲ್ಲೇ ನಡೆದು ಬಸ್ಸಿಗೆ ಹೋದರು. ಅವ್ವ ಬಕೆಟ್ಟು ಹಿಡಿಯಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಕೊಡೆ ಮರೆಯಾಗುವ ತನಕ ನೋಡಿದಳು.

ಎರಡು ವರ್ಷದ ಮೇಲೆ, ನಾನು ಕೆ.ಆರ್.ಪೇಟೆಯಲ್ಲಿ ಟೀಚರಾಗಿದ್ದಾಗ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅಂಗನವಾಡಿಯವರು ಸುದ್ದಿ ಹೇಳಿದರು. ಸಕ್ಕರೆ ಕಾಯಿಲೆ ಇತ್ತಂತೆ, ಕಾಲಿನ ಗಾಯ ಮಾಯಲಿಲ್ಲವಂತೆ. ನರ್ಸಮ್ಮ ಹೋಗಿ ವಾರವಾಗಿತ್ತು. ಶ್ರೀರಂಗಪಟ್ಟಣದಲ್ಲಿ, ಹೊಳೆದಂಡೆಯಲ್ಲೇ ಮಣ್ಣು ಮಾಡಿದ್ದರು. ಹೋಗಬೇಕೆಂದಿದ್ದ ಊರಿಗೆ ಕೊನೆಗೆ ಹೀಗೆ ಹೋದರು. ನನ್ನ ಅಕ್ಕನ ಮಗುವಿಗೆ ಒಂದು ಮಡಿಲು ಉಳಿಸಲು ಅವರು ತಮ್ಮ ಅಕ್ಕನ ಮನೆ ಬಿಟ್ಟುಕೊಟ್ಟಿದ್ದರು ಎಂದು ನನಗೆ ಪೂರಾ ಹೊಳೆದದ್ದು ಆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಂತಾಗ.

ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಒಳಗೆ ಹೋಗಿ ನಾಗಂದಿಗೆಯಿಂದ ಏನನ್ನೋ ಇಳಿಸಿಕೊಂಡು ಬಂದಳು. ಸ್ಟೀಲ್ ತಟ್ಟೆ, ಅದರೊಳಗೆ ಮಡಿಸಿಟ್ಟ ಹೆಣೆದ ಬಟ್ಟೆ.

"ಇದ್ಯಾಕವ್ವ ಇಲ್ಲೇ ಅದೆ?"

"ಬರಿದಾಗ್ ಕೊಡಕ್ಕೆ ಆ ಸಲ ಮನಸ್ಸು ಬರ್ನಿಲ್ಲ ಕಣಮ್ಮಿ. ಏನ್ ಆಕಿ ಕೊಡಾದು ಅಂತಾನೂ ಗೊತ್ತಾಗ್ನಿಲ್ಲ. ಅವ್ಳು ಕೊಟ್ಟುದ್ಕೆ ಬೆಲ್ಲ ಆಕಿ ಕೊಟ್ರೆ ಸರಿವೋಯ್ತದಾ? ನಾಳೆ ನೋಡಾವ, ನಾಳೆ ನೋಡಾವ ಅಂತ ಇಟ್ಕಂಡೆ" ಎಂದಳು. ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸುತ್ತ, "ಆ ಚೀಟಿ ಅದಾ ನಿನ್ತಾವ?" ಎಂದು ಕೇಳಿದಳು.

ಚೀಟಿ ನನ್ನ ಹತ್ತಿರ ಇರುವುದು ಅವ್ವನಿಗೆ ಮೊದಲಿಂದ ಗೊತ್ತಿತ್ತು. ಎಲ್ಲವೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ದ್ವೇಷ.

ಆ ಭಾನುವಾರ ಅವ್ವ, ನಾನು, ಪುಟ್ಟಿ ಶ್ರೀರಂಗಪಟ್ಟಣಕ್ಕೆ ಹೋದೆವು. ಹಳೆಯ ಹೆಂಚಿನ ಮನೆ, ಹಿಂದುಗಡೆ ಹೊಳೆಯ ಸದ್ದು. ನರ್ಸಮ್ಮನ ಅಕ್ಕ ಬೆತ್ತದ ಕುರ್ಚಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ನಾವು ಯಾವ ಊರಿನವರೆಂದು ಹೇಳಿದೆ. ಅವ್ವ ಮುಂದೆ ಹೋಗಿ ತಟ್ಟೆಯನ್ನು ಅವರ ಮಡಿಲಿಗಿಟ್ಟಳು. ಅದರಲ್ಲಿ ಎರಡು ಅಚ್ಚು ಬೆಲ್ಲ, ಪಕ್ಕದಲ್ಲಿ ಮಡಿಕೆ ಹರಿದ ಆ ಚೀಟಿ.

"ಕಾರು ಬಾಗ್ಲಲ್ಲೇ ನಿಂತಿತ್ತು ಕಣಕ್ಕ. ತಡ್ದೋಳು ನಾನು. ನಿಮ್ ತಂಗಿದೇನೂ ತಪ್ಪಿರ್ನಿಲ್ಲ. ಅವ್ಳು ಬರ್ದಿರಾ ಚೀಟಿ ಇದ್ರಾಗೈತೆ" ಎಂದಳು. ಆರು ವರ್ಷ ಒಳಗಿದ್ದ ಮಾತು, ಹೇಳಿ ಮುಗಿಯಲು ಅರೆಗಳಿಗೆ ಸಾಕಾಯಿತು.

ನರ್ಸಮ್ಮನ ಅಕ್ಕ ಬೆರಳಿನಿಂದ ತಟ್ಟೆಯ ಅಂಚನ್ನು ಸುತ್ತಲೂ ಸವರಿದರು. ಬೆಲ್ಲ ಮುಟ್ಟಿದರು, ಬಟ್ಟೆಯ ಹೆಣಿಗೆ ಮುಟ್ಟಿದರು. ಚೀಟಿಯನ್ನು ಓದಿ ಹೇಳಿ ಎನ್ನಲಿಲ್ಲ.

"ಹೋಗೋ ಹಿಂದಿನ ದಿನಾನೂ ಆಸ್ಪತ್ರೆಲಿ ನನ್ ಕೈ ಹಿಡ್ಕೊಂಡು ಹೇಳಿದ್ಲು" ಎಂದರು. "ಅಕ್ಕಾ, ನಂದೊಂದು ತಟ್ಟೆ ಬರೋದಿದೆ, ಬರ್ತದೆ, ಎತ್ತಿಟ್ಕೊ ಅಂತ."

ಅವ್ವ ಹಾಗೆಯೇ ನೆಲದ ಮೇಲೆ ಕುಸಿದು ಕೂತಳು. ಕಣ್ಣು ಒಣಗಿಯೇ ಇತ್ತು, ಬಾಯಿ ಮಾತ್ರ ಅದುರುತ್ತಿತ್ತು. ಪುಟ್ಟಿ ಅವಳ ಹತ್ತಿರ ಹೋಗಿ, ತನ್ನ ಪುಟ್ಟ ಹೆಬ್ಬೆರಳನ್ನು ಅವಳ ತೋಳಿನ ಮೇಲೆ ಹತ್ತಿಯ ಹಾಗೆ ಒತ್ತಿ ಹಿಡಿಯಿತು.

"ಮುಗೀತು ಅಜ್ಜಿ" ಎಂದಿತು. "ಈಗ ಅಳು."